ಮುಷ್ಟಿ ಅಕ್ಕಿಯ ಗಡಿಗೆ



ನಮ್ಮ ಮಲೆನಾಡಿನ ಮನೆಗಳಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಅಡಿಗೆಗೆ ಅಕ್ಕಿಯನ್ನು ಅಳೆದುಕೊಂಡ ಗೃಹಿಣಿ, ಅದನ್ನು ತೊಳೆಯುವ ಮುನ್ನ ಒಂದು ಮುಷ್ಟಿಯಷ್ಟನ್ನು ತೆಗೆದು, ಮೂಲೆಯಲ್ಲಿದ್ದ ಬೇರೊಂದು ಗಡಿಗೆಗೆ ಹಾಕುತ್ತಿದ್ದಳು. ತಿಂಗಳಿಗೊಮ್ಮೆ ಆ ಗಡಿಗೆಯ ಅಕ್ಕಿ ಮಠಕ್ಕೋ, ದೇವಸ್ಥಾನಕ್ಕೋ, ವಾರಾನ್ನಕ್ಕೆ ಬರುವ ಬಡ ಹುಡುಗನಿಗೋ ಸಲ್ಲುತ್ತಿತ್ತು. ಮನೆಯ ಜಮಾಖರ್ಚಿನ ಪುಸ್ತಕ ಯಜಮಾನರ ಕೈಯಲ್ಲಿ. ಹಣದ ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿ. ಆದರೆ ಈ ಗಡಿಗೆಯ ಲೆಕ್ಕವನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಗದ್ದೆ, ತೋಟ, ಮನೆ ಯಾವುದೂ ತನ್ನ ಹೆಸರಿನಲ್ಲಿಲ್ಲದ ಹೆಂಗಸಿಗೆ, 'ಇದು ಯಾರಿಗೆ ಸೇರಬೇಕು' ಎಂದು ತಾನೇ ನಿಶ್ಚಯಿಸಬಹುದಾಗಿದ್ದ ಒಂದೇ ಒಂದು ನಿಧಿ ಅದು.

ಇಂದು ನಾನು ಮಾತನಾಡಬೇಕೆಂದಿರುವ ವಿಷಯಕ್ಕೆ ಆ ಗಡಿಗೆಯೇ ಪೀಠಿಕೆ. ಹೆಂಗಸರ ಹಕ್ಕಿಗಾಗಿ ನಡೆಯುವ ಹೋರಾಟಗಳನ್ನು ಕುರಿತು ನಾವು ಸಾಕಷ್ಟು ಓದಿದ್ದೇವೆ, ಕೇಳಿದ್ದೇವೆ. ಅವುಗಳ ತತ್ತ್ವವನ್ನು ಕುರಿತು ವಿಚಾರ ಸಂಕಿರಣಗಳಾಗಿವೆ. ಅವುಗಳ ಸಾಹಿತ್ಯವನ್ನು ಕುರಿತು ಪ್ರಬಂಧಗಳು ಬಂದಿವೆ. ಆದರೆ ಆ ಹೋರಾಟಗಳಿಗೆ ಅನ್ನ ಎಲ್ಲಿಂದ ಬರುತ್ತದೆ, ಅವುಗಳ ಬಾಡಿಗೆಯನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಹಣದ ಮಾತು ಆದರ್ಶದ ಮಾತಿಗಿಂತ ಕೀಳೆಂಬ ಒಂದು ಭಾವನೆ ನಮ್ಮಲ್ಲಿದೆ. ಅದು ತಪ್ಪೆಂಬುದನ್ನು ನಾನು ಒಂದು ಸಣ್ಣ ಸಂಘದ ಖಜಾಂಚಿಯಾಗಿ, ಸ್ವಲ್ಪ ನೋವಿನಿಂದಲೇ ಕಲಿತೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಶಿವಮೊಗ್ಗೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಹೆಂಗಸರು ಕೂಡಿ ಒಂದು ಸಂಘ ಕಟ್ಟಿಕೊಂಡಿದ್ದೆವು. ಹೆಚ್ಚಿನವರು ಉಪಾಧ್ಯಾಯಿನಿಯರು, ಒಬ್ಬಿಬ್ಬರು ಬ್ಯಾಂಕಿನವರು. ಗಂಡನ ಮನೆಯಲ್ಲಿ ಹೊಡೆತ ತಿಂದವರು, ಜೀವನಾಂಶಕ್ಕಾಗಿ ಅಲೆಯುವವರು ನಮ್ಮಲ್ಲಿಗೆ ಬರುತ್ತಿದ್ದರು. ಅವರ ಜೊತೆಗೆ ಪೊಲೀಸು ಠಾಣೆಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗುವುದು, ಅರ್ಜಿ ಬರೆದುಕೊಡುವುದು ನಮ್ಮ ಕೆಲಸ. ಒಂದು ಬಾಡಿಗೆ ಕೋಣೆ, ಎರಡು ಬೆಂಚು, ಒಂದು ಕಪಾಟು, ಇದು ನಮ್ಮ ಆಸ್ತಿ. ಕೋಣೆಯ ಬಾಡಿಗೆ ಮೂರು ತಿಂಗಳು ನಿಂತಾಗ ಧನಸಹಾಯ ಮಾಡುವ ಒಂದು ಸಂಸ್ಥೆಗೆ ಬರೆದುಕೊಂಡೆವು. ಅಲ್ಲಿಂದ ಬಂದ ಮಹನೀಯರು ನಮ್ಮ ಕಡತಗಳನ್ನು ನೋಡಿ, "ಕೆಲಸವೇನೋ ಒಳ್ಳೆಯದೆ. ಆದರೆ ಇದರಲ್ಲಿ ತೋರಿಸತಕ್ಕದ್ದು ಏನಿದೆ?" ಎಂದು ಕೇಳಿದರು. ಬಾಡಿಗೆ, ಬಸ್ಸಿನ ಚಾರ್ಜು, ಛಾಪಾ ಕಾಗದ, ದಿನವಿಡೀ ಕೋಣೆಯಲ್ಲಿ ಕೂತಿರುವವಳಿಗೆ ಒಂದಿಷ್ಟು ಸಂಭಾವನೆ, ಇವು ಯಾವುವೂ ಅವರ ನಿಯಮಾವಳಿಗೆ ಒಗ್ಗುವಂತಿರಲಿಲ್ಲ. ಹೊಲಿಗೆ ಯಂತ್ರವಾದರೆ ಕೊಡಬಹುದೆಂದರು. ನಾನು ಅರ್ಜಿಯನ್ನು ತಿದ್ದಿ ಬರೆದೆ. ಅವರಿಗೆ ಏನು ಬೇಕೋ ಅದನ್ನೇ ನಮಗೆ ಬೇಕೆಂದು ಬರೆದೆ. ನಾಲ್ಕು ಹೊಲಿಗೆ ಯಂತ್ರಗಳು ಬಂದವು. ಸಮಾರಂಭವಾಯಿತು, ಹಾರ ಬಿತ್ತು, ಛಾಯಾಚಿತ್ರವೂ ಆಯಿತು.

ಆ ತಿಂಗಳಲ್ಲೇ ಭದ್ರಾವತಿಯಿಂದ ಒಬ್ಬಾಕೆಯ ಮೊಕದ್ದಮೆ ವಿಚಾರಣೆಗೆ ಬಂದಿತ್ತು. ಜೀವನಾಂಶದ ಅರ್ಜಿ. ಎರಡು ಮಕ್ಕಳ ತಾಯಿ. ಆ ದಿನ ಆಕೆ ಬರಲಿಲ್ಲ. ನಮ್ಮಿಂದ ಹೋಗಿ ಕರೆತರಬೇಕಾಗಿದ್ದ ಹುಡುಗಿಯೂ ಹೋಗಿರಲಿಲ್ಲ. ಕಳೆದ ಎರಡು ಬಾರಿಯ ದಾರಿಖರ್ಚನ್ನೇ ನಾನು ಅವಳಿಗೆ ಕೊಟ್ಟಿರಲಿಲ್ಲ. ಅರ್ಜಿದಾರಳು ಗೈರುಹಾಜರೆಂದು ಅರ್ಜಿ ವಜಾ ಆಯಿತು. ಮರುದಿನ ಆಕೆ ಬಂದು, ಗೋಡೆಗೆ ಒರಗಿ ನಿಂತು, ಹೊಸ ಯಂತ್ರಗಳನ್ನೊಮ್ಮೆ ನೋಡಿ, "ಕೈಯಲ್ಲಿ ಬಸ್ಸಿನ ಕಾಸಿರಲಿಲ್ಲ ಮೇಡಮ್ಮೋರೆ. ನೀವು ಯಾರನ್ನಾದ್ರೂ ಕಳಿಸ್ತೀರಿ ಅಂತ ಕಾಯ್ದೆ" ಎಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಆ ಅರ್ಜಿಗೆ ಮತ್ತೆ ಜೀವ ಬರಲು ಎಂಟು ತಿಂಗಳು ಹಿಡಿಯಿತು.

ಎರಡು ಊರಿನ ನಡುವೆ ಇರುವುದು ಹದಿನೆಂಟು ಇಪ್ಪತ್ತು ಕಿಲೋಮೀಟರು ದಾರಿ. ಸಾವಿರಾರು ರೂಪಾಯಿಯ ಯಂತ್ರಗಳಿಗೆ ಒಡೆಯರಾದ ನಾವು ಆ ದಾರಿಯನ್ನು ದಾಟಿಸುವ ಚಿಲ್ಲರೆಗೆ ಬಡವರಾಗಿದ್ದೆವು. ಇದು ನಮ್ಮೊಂದು ಸಂಘದ ದೌರ್ಭಾಗ್ಯವೆಂದೇ ನಾನು ಬಹಳ ಕಾಲ ತಿಳಿದಿದ್ದೆ. ಆಮೇಲೆ ಓದುತ್ತ ಹೋದಂತೆ, ಇದು ಲೋಕದ ಎಲ್ಲ ಮೂಲೆಗಳಲ್ಲಿಯೂ ಹೆಂಗಸರ ಸಂಘಗಳು ಹೇಳಿಕೊಳ್ಳುವ ಕಥೆಯೆಂದು ತಿಳಿಯಿತು.

ಅಂತರರಾಷ್ಟ್ರೀಯ ಸಂಘಟನೆಯೊಂದು 2011ರಲ್ಲಿ ನೂರಕ್ಕೂ ಹೆಚ್ಚು ದೇಶಗಳ ಸಾವಿರಕ್ಕೂ ಮಿಕ್ಕಿದ ಮಹಿಳಾ ಸಂಘಗಳನ್ನು ಅವುಗಳ ಆದಾಯವೆಷ್ಟೆಂದು ವಿಚಾರಿಸಿತು. ಅವುಗಳನ್ನೆಲ್ಲ ಬಡತನ ಸಿರಿತನಗಳ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಸಂಘದ 2010ರ ವಾರ್ಷಿಕ ಆದಾಯ 20,000 ಡಾಲರು. ಅಂದಿನ ಲೆಕ್ಕದಲ್ಲಿ ಒಂಬತ್ತು ಲಕ್ಷ ರೂಪಾಯಿಯ ಆಸುಪಾಸು. ಹತ್ತಿರ ಹತ್ತಿರ ಅರ್ಧದಷ್ಟು ಸಂಘಗಳಿಗೆ ಬಾಡಿಗೆ, ಸಂಬಳದಂಥ ಮೂಲ ವೆಚ್ಚಕ್ಕೆ ಯಾರೂ ಎಂದೂ ಹಣ ಕೊಟ್ಟಿರಲಿಲ್ಲ. ಅರ್ಧಕ್ಕಿಂತ ಹೆಚ್ಚಿನವಕ್ಕೆ ಒಂದು ವರ್ಷಕ್ಕಿಂತ ದೀರ್ಘಕಾಲದ ನೆರವು ಎಂದೂ ಸಿಕ್ಕಿರಲಿಲ್ಲ. 2013ರಲ್ಲಿ ಪ್ರಕಟವಾದ ಆ ವರದಿಯ ಹೆಸರಿನ ಭಾವ, ಎಲೆಗೆ ನೀರೆರೆದು ಬೇರನ್ನು ಉಪವಾಸ ಕೆಡವುವುದು ಎಂಬುದು. ಅಡಿಕೆ ತೋಟವಿರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಡಲಿಗೆ ನೀರು ಸಿಂಪಡಿಸಿ ಬುಡವನ್ನು ಒಣಗಲು ಬಿಡುವ ತೋಟಗಾರನನ್ನು ಊರೆಲ್ಲ ನಗುತ್ತದೆ. ಹೆಂಗಸರ ಸಂಘದ ವಿಷಯಕ್ಕೆ ಬಂದಾಗ ಮಾತ್ರ ಅದೇ ಜಾಣತನವಾಗಿ ಕಾಣುತ್ತದೆ.

ಹೆಂಗಸರು ಕೊಡುವುದಕ್ಕೆ ಹಿಂದೆಗೆದವರೇನಲ್ಲ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಕೊಡಗಿನ ಗೌರಮ್ಮನವರು, ಅವರು ತಮ್ಮ ಮನೆಗೆ ಬರುವ ತನಕ ಊಟ ಮಾಡುವುದಿಲ್ಲವೆಂದು ಹಟ ಹಿಡಿದು, ಅವರು ಬಂದ ಮೇಲೆ ಮೈಮೇಲಿದ್ದ ಒಡವೆಗಳನ್ನು ಕಳಚಿ ಹರಿಜನ ನಿಧಿಗೆ ಒಪ್ಪಿಸಿದರು. ಹುಬ್ಬಳ್ಳಿಯಲ್ಲಿ ಭಗಿನೀ ಮಂಡಳವನ್ನು ನಡೆಸಿದ ಉಮಾಬಾಯಿ ಕುಂದಾಪುರ ಅವರ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡುಬಂದ ಆಕೆಗೆ 1946ರಲ್ಲಿ ಗಾಂಧೀಜಿ ಕಸ್ತೂರಬಾ ನಿಧಿಯ ಕರ್ನಾಟಕ ಶಾಖೆಯ ಹೊಣೆಯನ್ನು ವಹಿಸಿದರು. ಹಳ್ಳಿಗಳ ಹೆಂಗಸರಿಗೆ ಆರೋಗ್ಯ, ಶಿಕ್ಷಣಗಳ ತರಬೇತಿ ಕೊಟ್ಟು ಗ್ರಾಮಸೇವಿಕೆಯರನ್ನು ಸಿದ್ಧಗೊಳಿಸುವ ಕೆಲಸ. ಹಣಕ್ಕೆ ಮುಗ್ಗಟ್ಟಾದಾಗ ಆಕೆ ಹಿಡಿದದ್ದು ಮುಷ್ಟಿ ನಿಧಿಯ ದಾರಿಯನ್ನು. ಮನೆಮನೆಯಲ್ಲಿ ದಿನಕ್ಕೊಂದು ಹಿಡಿ ಧಾನ್ಯವನ್ನು ತೆಗೆದಿರಿಸುವಂತೆ ಕೇಳಿದರು. ಅಡಿಗೆಮನೆಯ ಮೂಲೆಯ ಆ ಗಡಿಗೆ ಮಠದ ಕಡೆಯಿಂದ ಹೆಣ್ಣಿನ ಕಡೆಗೆ ತಿರುಗಿತು. ನನ್ನ ದೃಷ್ಟಿಯಲ್ಲಿ ಅದೊಂದು ದೊಡ್ಡ ಕ್ರಾಂತಿ.

ಅದಕ್ಕೂ ಹಿಂದೆ, 1913ರಲ್ಲಿ, ನಂಜನಗೂಡಿನ ತಿರುಮಲಾಂಬ ಅವರು 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿದರು. ಬಾಲವಿಧವೆಯೊಬ್ಬಳು ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂರೂ ಆದ ಕಾಲ ಅದು. 1921ರಲ್ಲಿ ಕಲ್ಯಾಣಮ್ಮನವರು 'ಸರಸ್ವತಿ' ಪತ್ರಿಕೆಯನ್ನು ಆರಂಭಿಸಿ ನಾಲ್ಕು ದಶಕಗಳ ಕಾಲ ನಡೆಸಿದರು. ನಮ್ಮ ಸಾಹಿತ್ಯ ಚರಿತ್ರೆಗಳು ಈ ಪತ್ರಿಕೆಗಳ ಕಥೆ ಕವನಗಳನ್ನು ತೂಗಿ ನೋಡುತ್ತವೆ, ಬೆಲೆ ಕಟ್ಟುತ್ತವೆ. ಕಾಗದ ಕೊಂಡವರಾರು, ಅಂಚೆಯ ಖರ್ಚು ಎಲ್ಲಿಂದ ಬಂತು, ಬಾಕಿ ಉಳಿಸಿಕೊಂಡ ಚಂದಾದಾರರೆಷ್ಟು ಎಂಬ ಅಧ್ಯಾಯವನ್ನು ಬರೆಯುವುದಿಲ್ಲ. ಬರೆದರೆ, ಹೆಣ್ಣಿನ ದನಿ ಏಕೆ ಕೆಲವು ಕಾಲ ಕೇಳಿಸಿ ಆಮೇಲೆ ಅಡಗುತ್ತದೆಂಬುದಕ್ಕೆ ಪ್ರತಿಭೆಯ ಏರಿಳಿತವಲ್ಲದೆ ಬೇರೆ ಕಾರಣಗಳೂ ಸಿಗುತ್ತವೆ.

ಇದಕ್ಕೆ ನಮ್ಮ ಜಿಲ್ಲೆಯಿಂದಲೇ ಒಂದು ಉದಾಹರಣೆ ಕೊಡಬಲ್ಲೆ. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರಾದ ಪಿ. ಲಂಕೇಶರು 1980ರಲ್ಲಿ ತಮ್ಮ ಪತ್ರಿಕೆಯನ್ನು ಹೊರಡಿಸಿದಾಗ ಜಾಹೀರಾತಿಲ್ಲದೆ, ಓದುಗರು ಕೊಡುವ ಹಣದಿಂದಲೇ ಅದನ್ನು ನಡೆಸಲು ನಿಶ್ಚಯಿಸಿದರು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದುಗರನ್ನು ಮೊದಲು ತಲುಪಿದ್ದು ಆ ಪತ್ರಿಕೆಯ ಪುಟಗಳಲ್ಲಿ. ಹಾಸನದ ಬಾನು ಮುಷ್ತಾಕ್ ಅವರು ಅದೇ ಪತ್ರಿಕೆಗೆ ವರದಿಗಾರ್ತಿಯಾಗಿ ದುಡಿದರು. ಎಂಟು ವರ್ಷದ ಬಾಲಕಿಯಾಗಿ ಬಾನು ಅವರು ಕನ್ನಡ ಮಾಧ್ಯಮದ ಶಾಲೆಗೆ ಸೇರಿದ್ದು ನಮ್ಮ ಶಿವಮೊಗ್ಗೆಯಲ್ಲಿಯೇ. 2025ರಲ್ಲಿ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಪಡತಕ್ಕದ್ದೇ. ಆದರೆ ಆ ಹೆಮ್ಮೆಗೆ ಒಂದು ಪೂರ್ವಕಥೆಯಿದೆ. ವಾರವಾರವೂ ಅಂಗಡಿಯ ಮುಂದೆ ನಿಂತು ಪತ್ರಿಕೆಗೆ ಚಿಲ್ಲರೆ ಎಣಿಸಿದ ಸಾವಿರಾರು ಅನಾಮಧೇಯರ ಕೈಗಳು ಆ ಕಥೆಯಲ್ಲಿವೆ. ಯಾವ ಯಜಮಾನನನ್ನೂ ಕೇಳದ ಹಣ ಬಂದದ್ದರಿಂದ ಯಾವ ಯಜಮಾನನಿಗೂ ಹಿಡಿಸದ ಮಾತು ಅಚ್ಚಾಯಿತು. 1930ರಲ್ಲಿ ಸ್ಥಾಪಿತವಾದ ನಮ್ಮೂರಿನ ಕರ್ನಾಟಕ ಸಂಘ ಇಂದಿಗೂ ಲೇಖಕಿಯರ ಕೃತಿಗೆ ತೀರ್ಥಹಳ್ಳಿಯ ಎಂ. ಕೆ. ಇಂದಿರಾ ಅವರ ಹೆಸರಿನಲ್ಲಿ ಬಹುಮಾನ ಕೊಡುತ್ತದೆ. ಒಂದು ಮಡಿಸೀರೆಯೊಳಗೆ ಮುಗಿದುಹೋದ ಬಾಲವಿಧವೆಯ ಬಾಳನ್ನು 1976ರಲ್ಲಿ 'ಫಣಿಯಮ್ಮ'ನಾಗಿ ಲೋಕದ ಮುಂದೆ ನಿಲ್ಲಿಸಿದ ಲೇಖಕಿಯ ಹೆಸರಿನಲ್ಲಿ ಇನ್ನೊಬ್ಬ ಲೇಖಕಿಗೆ ಸಲ್ಲುವ ಮನ್ನಣೆ, ಮೊತ್ತ ಎಷ್ಟೇ ಇರಲಿ, ಬೇರಿಗೆ ಬೀಳುವ ನೀರು.

ಇನ್ನು ಹೊರದೇಶಗಳ ಮಾತು. ಅಮೆರಿಕದಲ್ಲಿ ಮಿರಿಯಮ್ ಲೆಸ್ಲಿ ಎಂಬ ಪತ್ರಿಕಾ ಪ್ರಕಾಶಕಿಯಿದ್ದಳು. ಗಂಡ ಬಿಟ್ಟುಹೋದ ಸಾಲದ ವ್ಯವಹಾರವನ್ನು ಮೇಲೆತ್ತಿ ಸಿರಿವಂತಳಾದ ಹೆಂಗಸು. 1914ರಲ್ಲಿ ತೀರಿಕೊಂಡಾಗ ತನ್ನ ಆಸ್ತಿಯ ಬಹುಪಾಲನ್ನು, ಸುಮಾರು 20 ಲಕ್ಷ ಡಾಲರಿನ ಗಂಟನ್ನು, ಹೆಂಗಸರ ಮತದಾನದ ಹಕ್ಕಿನ ಕೆಲಸಕ್ಕೆಂದು ಆ ಚಳವಳಿಯ ನಾಯಕಿ ಕ್ಯಾರಿ ಚಾಪ್ಮನ್ ಕ್ಯಾಟ್ ಅವರಿಗೆ ಬರೆದಿಟ್ಟಿದ್ದಳು. ಬಂಧುಗಳು ಕೋರ್ಟಿಗೆ ಹೋದರು. ವಕೀಲರ ಪಾಲು, ಬಂಧುಗಳ ಪಾಲು ಕಳೆದು ಸುಮಾರು ಅರ್ಧದಷ್ಟು ಚಳವಳಿಯ ಕೈಗೆ ಬಂತು. 1920ರಲ್ಲಿ ಅಲ್ಲಿನ ಸಂವಿಧಾನದ ತಿದ್ದುಪಡಿ ಹೆಂಗಸರಿಗೆ ಮತದ ಹಕ್ಕನ್ನು ತಂದುಕೊಟ್ಟಿತು. ಹಣವೇ ಹಕ್ಕನ್ನು ತಂದಿತೆಂದು ನಾನು ಹೇಳುವುದಿಲ್ಲ. ಎಪ್ಪತ್ತು ವರ್ಷಗಳ ಹೋರಾಟ ತಂದಿತು. ಆದರೆ ಕೊನೆಯ ಏರಿನಲ್ಲಿ ಗಾಡಿಗೆ ಕೊಟ್ಟ ಹೆಗಲಿನಲ್ಲಿ ಆ ಹಣವೂ ಒಂದು.

ಹೆಣ್ಣಿಗೆ ಆಸ್ತಿಯಿದ್ದರೆ ತಾನೆ ಅವಳು ಬರೆದಿಡುವುದು? ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕಿನ ಶಾಸನವನ್ನು ಮಾಡಿತ್ತು. 1994ರಲ್ಲಿ ಕರ್ನಾಟಕವೂ 2005ರಲ್ಲಿ ಇಡೀ ದೇಶವೂ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನವಾದ ಪಾಲನ್ನು ಕಾನೂನಿನ ಮೂಲಕ ಕೊಟ್ಟವು. ಆದರೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅರಿಸಿನ ಕುಂಕುಮ ಕೊಟ್ಟು ಕಳಿಸುವ ಸಂಪ್ರದಾಯ ನಮ್ಮ ಮನೆಗಳಲ್ಲಿ ಇನ್ನೂ ಜೀವಂತವಾಗಿದೆ. ಆ ಸಹಿಯೊಂದಿಗೆ ಕೈಬಿಡುವುದು ಒಬ್ಬಳ ಪಾಲು ಮಾತ್ರವಲ್ಲ. ಅವಳು ಇನ್ನೊಬ್ಬಳಿಗೆ ನೆರವಾಗಬಹುದಾಗಿದ್ದ ಶಕ್ತಿಯೂ ಹೌದು. 1983ರಲ್ಲಿ ನೆದರ್ಲೆಂಡ್ಸಿನ ಆಮ್‌ಸ್ಟರ್‌ಡಾಮಿನಲ್ಲಿ ಐವರು ಗೆಳತಿಯರು ಹೆಂಗಸರಿಗಾಗಿ 'ಮಾಮಾ ಕ್ಯಾಶ್' ಎಂಬ ನಿಧಿಯನ್ನು ಸ್ಥಾಪಿಸಿದಾಗ, ಅವರಲ್ಲೊಬ್ಬಳಿಗೆ ತವರಿನಿಂದ ಬಂದ ಪಿತ್ರಾರ್ಜಿತವೇ ಅದಕ್ಕೆ ಮೂಲಧನವಾಯಿತು. ವಿಶ್ವಸಂಸ್ಥೆಯು 1975ನ್ನು ಮಹಿಳಾ ವರ್ಷವೆಂದು ಸಾರಿದ ಬೆನ್ನಲ್ಲೇ ಹೆಂಗಸರಿಗಾಗಿ ಒಂದು ನಿಧಿಯನ್ನು ತೆರೆದಿತ್ತು. 1987ರಲ್ಲಿ ಅಮೆರಿಕದಲ್ಲಿ ಜಾಗತಿಕ ಮಹಿಳಾ ನಿಧಿಯೊಂದು ಹುಟ್ಟಿತು. ಈ ಬಗೆಯ ಸ್ತ್ರೀವಾದಿ ನಿಧಿಗಳು ಕಂಡುಕೊಂಡ ತತ್ತ್ವ ಸರಳವಾದದ್ದು: ಏನು ಬೇಕೆಂಬುದು ಕೇಳುವವಳಿಗೆ ಗೊತ್ತಿದೆ, ಕೊಡುವವರು ಅದನ್ನು ನಂಬಬೇಕು.

ಆ ನಂಬಿಕೆಯ ಒಂದು ಪ್ರಯೋಗ ನಮ್ಮ ನಾಡಿನಲ್ಲೂ ನಡೆಯಿತು. 1989ರಲ್ಲಿ ಕರ್ನಾಟಕ, ಉತ್ತರ ಪ್ರದೇಶ, ಗುಜರಾತುಗಳಲ್ಲಿ ಆರಂಭವಾದ 'ಮಹಿಳಾ ಸಮಾಖ್ಯಾ' ಕೇಂದ್ರ ಸರ್ಕಾರದ ಕಾರ್ಯಕ್ರಮ. ಹಣ ನೆದರ್ಲೆಂಡ್ಸ್ ಸರ್ಕಾರದ್ದು. ನಮ್ಮ ರಾಜ್ಯದಲ್ಲಿ ಬೀದರ, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಅದು ಮೊದಲಾಯಿತು. ಇಷ್ಟು ಕೋಳಿ, ಇಷ್ಟು ಕುರಿ, ಇಷ್ಟು ಶಸ್ತ್ರಚಿಕಿತ್ಸೆ ಎಂಬ ಗುರಿಯನ್ನು ಮೊದಲೇ ನಿಗದಿ ಮಾಡದೆ, ಹಳ್ಳಿಯ ಹೆಂಗಸರು ಕೂತು ಮಾತಾಡಿ ತಮ್ಮ ಕಷ್ಟಕ್ಕೆ ತಾವೇ ಹೆಸರಿಡುವ ತನಕ ಕಾಯುವುದು ಅದರ ಕ್ರಮವಾಗಿತ್ತು. ಹೆಂಗಸರು ಕೂತು ಮಾತಾಡುವುದಕ್ಕೂ ಹಣ ಬೇಕು, ಆ ಮಾತೂ ಕೆಲಸವೇ ಎಂದು ಸರ್ಕಾರದ ಕಡತವೊಂದು ಒಪ್ಪಿಕೊಂಡಿತ್ತು. ಸಂಘಗಳು ಮೂಡಿದವು, ಬಾಲ್ಯವಿವಾಹವನ್ನು ತಡೆದವು, ಪಂಚಾಯತಿಗೆ ನಿಂತವು. 2016ರ ಹೊತ್ತಿಗೆ ಕೇಂದ್ರದ ನೆರವು ನಿಂತುಹೋಯಿತು. ಕಾಲು ಶತಮಾನದ ನಂಬಿಕೆ ಒಂದು ಆದೇಶಕ್ಕೆ ಮುಗಿಯಿತು.

'ಅದು ಪರದೇಶದ ಹಣ ತಾನೆ?' ಎಂದು ಕೆಲವರು ಕೇಳಬಹುದು. ಪ್ರಶ್ನೆಯನ್ನು ತಳ್ಳಿಹಾಕಲಾಗದು. ಹೊರಗಿನಿಂದ ಹಣ ಕೊಟ್ಟವನು ಒಳಗಿನ ಮಾತನ್ನೂ ತಿದ್ದಲು ಬಯಸಬಹುದು. ಹೊಲಿಗೆ ಯಂತ್ರದ ಕಥೆಯಲ್ಲಿ ಆದದ್ದೂ ಇದೇ. ಕೊಟ್ಟವನು ನಮ್ಮ ದೇಶದವನೋ ಪರದೇಶದವನೋ ಎಂಬುದರಿಂದ ಆ ಅಪಾಯ ಹೆಚ್ಚುಕಡಿಮೆಯಾಗುವುದಿಲ್ಲ. ವಿದೇಶೀ ದೇಣಿಗೆಯನ್ನು ನಿಯಂತ್ರಿಸುವ ಕಾನೂನು ನಮ್ಮಲ್ಲಿ 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಬಂತು. 2010ರಲ್ಲಿ ಹೊಸರೂಪ ತಾಳಿತು. 2020ರ ತಿದ್ದುಪಡಿಯ ಪ್ರಕಾರ ಹೊರದೇಶದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ವೆಚ್ಚ ನೂರಕ್ಕೆ ಐವತ್ತರಿಂದ ಇಪ್ಪತ್ತಕ್ಕೆ ಇಳಿಯಿತು. ಲೆಕ್ಕ ಸ್ವಚ್ಛವಾಗಿರಬೇಕೆಂಬುದು ಸರಿಯೆ. ಆದರೆ ದೆಹಲಿಯ ಅಥವಾ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರ ಮೂಲಕ ತೊಟ್ಟಿಕ್ಕುತ್ತಿದ್ದ ನೀರು ತಾಲ್ಲೂಕಿನ ಚಿಕ್ಕ ಸಂಘಕ್ಕೆ ತಲುಪುವ ಕಾಲುವೆ ಇದರಿಂದ ಮುಚ್ಚಿತು. ಇತ್ತ 2025ರಲ್ಲಿ ಅಮೆರಿಕ ಸರ್ಕಾರ ತನ್ನ ವಿದೇಶೀ ನೆರವಿನ ಸಂಸ್ಥೆಯನ್ನೇ ಮುಚ್ಚಿತು. ಎಲ್ಲೋ ದೂರದ ರಾಜಧಾನಿಯಲ್ಲಿ ಗಾಳಿ ತಿರುಗಿದರೆ ಇನ್ನೆಲ್ಲೋ ಒಂದು ಹೆಣ್ಣಿನ ಆಶ್ರಯತಾಣದ ದೀಪ ಆರುತ್ತದೆ. ಪರರ ಮಳೆಯನ್ನೇ ನಂಬಿ ಬಿತ್ತಿದವರ ಪಾಡು ಇದು.

ಹಾಗಾದರೆ ನಮ್ಮ ಸರ್ಕಾರಗಳು ಹೆಂಗಸರಿಗೆ ಏನೂ ಕೊಡುತ್ತಿಲ್ಲವೆ? ಕೊಡುತ್ತಿವೆ. 2000ದ ಸುಮಾರಿನಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳು ಉಳಿತಾಯವನ್ನೂ ಸಾಲವನ್ನೂ ಹಳ್ಳಿಹಳ್ಳಿಗೆ ಮುಟ್ಟಿಸಿದವು. 2023ರಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂತು. ಅದೇ ವರ್ಷ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಯೋಜನೆಯೂ ಬಂತು. ಆ ಭದ್ರಾವತಿಯ ತಾಯಿ ಇಂದು ಕೋರ್ಟಿಗೆ ಬರಬೇಕಾಗಿದ್ದರೆ ಟಿಕೇಟಿನ ಕಾಸಿಗಾಗಿ ನಿಲ್ಲಬೇಕಾಗಿರಲಿಲ್ಲ ಎಂಬುದನ್ನು ನೆನೆದಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ. ಆದರೆ ಒಂದು ಭೇದವನ್ನು ಗಮನಿಸಬೇಕು. ಸಾಲವನ್ನು ಬಡ್ಡಿಯೊಡನೆ ತೀರಿಸಬೇಕು. ನ್ಯಾಯ ಕೇಳುವ ಕೆಲಸದಿಂದ ಬಡ್ಡಿ ಹುಟ್ಟುವುದಿಲ್ಲ. ಗೃಹಲಕ್ಷ್ಮಿಯ ಹಣ ಒಬ್ಬೊಬ್ಬಳ ಕೈಗೆ ಬರುತ್ತದೆ. ಅದು ಅವಳ ಹಕ್ಕು. ಹತ್ತು ಮಂದಿ ಒಟ್ಟಾಗಿ ನಿಂತು ಮೇಲಿನವರನ್ನು ಪ್ರಶ್ನಿಸುವ ಸಂಘಕ್ಕೆ, ಪ್ರಶ್ನಿಸಲ್ಪಡುವವರೇ ಎಷ್ಟು ದಿನ ಹಣ ಕೊಟ್ಟಾರು?

ನಾನು ಭದ್ರಾವತಿಯ ಆಕಾಶವಾಣಿಯಲ್ಲಿ ಕೂತು ಮಾತನಾಡುತ್ತಿದ್ದೇನೆ. ಈ ಊರಿನ ಕಬ್ಬಿಣದ ಕಾರ್ಖಾನೆಯ ಚರಿತ್ರೆ ಇಲ್ಲಿನ ಮಕ್ಕಳಿಗೂ ಗೊತ್ತು. 1918ರಲ್ಲಿ ಕೆಲಸ ಮೊದಲಾಗಿ 1923ರಲ್ಲಿ ಕುಲುಮೆಯಿಂದ ಕಬ್ಬಿಣ ಇಳಿಯಿತು. ಆರಂಭದ ವರ್ಷಗಳಲ್ಲಿ ಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ನಷ್ಟದಲ್ಲಿತ್ತು. ವಿಶ್ವೇಶ್ವರಯ್ಯನವರೇ ಬಂದು ಆಡಳಿತವನ್ನು ವಹಿಸಿಕೊಂಡು ಅದನ್ನು ಹಳಿಗೆ ತಂದರು. ಮೈಸೂರು ಸರ್ಕಾರ ಅದಕ್ಕೆ ಬೇಕಾದ ಕಾಲವನ್ನು ಕೊಟ್ಟಿತು. ಹನ್ನೆರಡು ತಿಂಗಳಲ್ಲಿ ಫಲವನ್ನು ತೋರಿಸಿ, ಇಲ್ಲವಾದರೆ ಕುಲುಮೆಯನ್ನು ಆರಿಸಿ ಎನ್ನಲಿಲ್ಲ. ಒಂದು ಊರು, ಎಷ್ಟೋ ತಲೆಮಾರುಗಳ ಬಾಳು ಆ ತಾಳ್ಮೆಯಿಂದ ಹುಟ್ಟಿದವು. ತಾಳ್ಮೆ ಮುಗಿದಾಗ ಏನಾಗುತ್ತದೆಂಬುದನ್ನೂ ಈ ಊರು ಕಂಡಿದೆ. ಕಾಗದದ ಕಾರ್ಖಾನೆಯ ಸದ್ದಡಗಿದ್ದನ್ನು ಕೇಳಿಸಿಕೊಂಡಿದೆ. ಕಬ್ಬಿಣಕ್ಕೆ ಐದು ವರ್ಷ, ಹತ್ತು ವರ್ಷ ಕಾಯಬಲ್ಲ ಸಮಾಜ, ಸಾವಿರಾರು ವರ್ಷಗಳ ರೂಢಿಯನ್ನು ಬಗ್ಗಿಸಹೊರಟ ಹೆಂಗಸರಿಗೆ ಮಾತ್ರ ಮಾರ್ಚ್ ತಿಂಗಳ ಕೊನೆಯೊಳಗೆ ಫಲಿತಾಂಶ ಕೊಡಿ ಎನ್ನುವುದೇಕೆ? ರೂಢಿ ಕಬ್ಬಿಣಕ್ಕಿಂತ ಬೇಗ ಕರಗುತ್ತದೆಂಬ ಭ್ರಮೆಯೆ?

ಶ್ರೋತೃಗಳೆ, ಉಪದೇಶ ಮಾಡುವ ಯೋಗ್ಯತೆ ನನಗಿಲ್ಲವೆಂಬುದನ್ನು ಹೊಲಿಗೆ ಯಂತ್ರದ ಕಥೆಯಿಂದ ನೀವು ತಿಳಿದಿದ್ದೀರಿ. ಅನುಭವದಿಂದ ಮೂರು ಮಾತು ಹೇಳಬಹುದು. ಕೊಡುವುದಾದರೆ ಒಮ್ಮೆಗೆ ದೊಡ್ಡದಾಗಿ ಕೊಡುವುದಕ್ಕಿಂತ, ಸಣ್ಣದನ್ನೇ ಮೂರು ನಾಲ್ಕು ವರ್ಷ ತಪ್ಪದೆ ಕೊಡಿ. ಮುಂದಿನ ವರ್ಷ ಕೋಣೆ ಇರುತ್ತದೆಂಬ ಧೈರ್ಯ ಒಂದು ಸಂಘಕ್ಕೆ ಹಣಕ್ಕಿಂತ ದೊಡ್ಡದು. ಎರಡನೆಯದು, ಯಂತ್ರಕ್ಕೆ, ಕಟ್ಟಡಕ್ಕೆ, ಹೆಸರಿನ ಫಲಕಕ್ಕೆ ಕೊಡುವ ಮನಸ್ಸಿನಿಂದಲೇ ಬಾಡಿಗೆಗೆ, ದಾರಿಖರ್ಚಿಗೆ, ದಿನವಿಡೀ ಕೂತು ಇನ್ನೊಬ್ಬರ ಕಣ್ಣೀರನ್ನು ಕೇಳುವವಳ ಊಟಕ್ಕೆ ಕೊಡಿ. ಸೇವೆ ಮಾಡುವವಳು ಹಸಿದಿರಬೇಕೆಂಬ ನಿಯಮವನ್ನು ನಾವು ಹೆಂಗಸರಿಗೆ ಮಾತ್ರ ವಿಧಿಸಿದ್ದೇವೆ. ಮೂರನೆಯದು ಸಂಘದವರಿಗೆ: ಲೆಕ್ಕವನ್ನು ಕೊಟ್ಟವರಿಗೆ ಒಪ್ಪಿಸಿದರೆ ಸಾಲದು. ಯಾರಿಗಾಗಿ ಸಂಘ ಇದೆಯೋ ಆ ಹೆಂಗಸರ ಮುಂದೆ ವರ್ಷಕ್ಕೊಮ್ಮೆ ಗಟ್ಟಿಯಾಗಿ ಓದಬೇಕು. ನಾಲ್ಕು ಯಂತ್ರ ಬಂದ ವರ್ಷ ನಾನು ಹಾಗೆ ಓದಿದ್ದರೆ, 'ಇದು ಯಾಕೆ?' ಎಂದು ಕೇಳುವವರಿರುತ್ತಿದ್ದರು.

ವರ್ಷಕ್ಕೊಮ್ಮೆ ಕೂಡಲಿಗೆ ಹೋಗಿ ತುಂಗೆ ಭದ್ರೆಯರು ಕೂಡುವುದನ್ನು ನೋಡಿ ಬರುವುದು ನನ್ನ ಅಭ್ಯಾಸ. ಎರಡು ಕಡೆಯಿಂದ ಬಂದ ನೀರು ಅಲ್ಲಿಂದ ಮುಂದೆ ಒಂದೇ ಹೊಳೆ. ಹೊರಗಿನ ನೆರವು, ಒಳಗಿನ ಕಾಣಿಕೆ ಎರಡೂ ಬೇಕು. ಆದರೆ ಒಂದು ಬತ್ತಿದ ವರ್ಷ ಇನ್ನೊಂದಾದರೂ ಹರಿಯುತ್ತಿರಬೇಕು.

ಅರ್ಜಿ ವಜಾ ಆದ ಮರುವಾರ ನಮ್ಮ ಸಂಘದ ಸಭೆ ಸೇರಿತು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರು ತಮ್ಮ ಚೀಲದಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟು, "ನಮ್ಮತ್ತೆ ಮುಷ್ಟಿ ಅಕ್ಕಿ ತೆಗೀತಿದ್ರು. ನಾನು ನಿಲ್ಲಿಸಿಬಿಟ್ಟಿದ್ದೆ. ಮತ್ತೆ ಶುರು ಮಾಡೋಣ" ಎಂದರು. ಯಂತ್ರಗಳಲ್ಲಿ ಎರಡನ್ನು ಹೊಲಿಗೆ ಬಲ್ಲ ಇಬ್ಬರಿಗೆ ಕೊಟ್ಟೆವು. ಉಳಿದೆರಡು ಒಬ್ಬರ ಜಗಲಿ ಸೇರಿದವು. ಆ ಕೋಣೆಯನ್ನು ಬಿಟ್ಟು ಬೇರೊಂದು ಚಿಕ್ಕ ಕೋಣೆಗೆ ಹೋದೆವು. ಆದರೆ ಆ ಡಬ್ಬಿ ಖಾಲಿಯಾದದ್ದನ್ನು ಆಮೇಲೆ ನಾನು ಕಾಣಲಿಲ್ಲ. ಎಂಟು ತಿಂಗಳ ನಂತರ ಭದ್ರಾವತಿಯ ಆ ತಾಯಿಗೆ ಜೀವನಾಂಶದ ಆದೇಶವಾಯಿತು. ಮೊದಲ ಕಂತು ಬಂದ ದಿನ ಆಕೆ ಶಿವಮೊಗ್ಗೆಗೆ ಬಂದು, ಯಾರೊಡನೆಯೂ ಹೆಚ್ಚು ಮಾತಾಡದೆ, ಡಬ್ಬಿಯ ಮುಚ್ಚಳ ತೆಗೆದು ಏನನ್ನೋ ಹಾಕಿ ಹೋದಳು.

ಎಷ್ಟು ಹಾಕಿದಳೆಂದು ಖಜಾಂಚಿಯಾದ ನಾನು ಎಣಿಸಲಿಲ್ಲ. ಮುಷ್ಟಿ ಅಕ್ಕಿಯ ಗಡಿಗೆಯ ಲೆಕ್ಕವನ್ನು ಯಾರೂ ಕೇಳಬಾರದಲ್ಲವೆ?



(ಕೃಪೆ: ಆಕಾಶವಾಣಿ, ಭದ್ರಾವತಿ)